ಒಳಿತಿನ ಬೆಲೆ ತೆರುವವರು ಯಾರು?

ತುಂಗಭದ್ರೆಯ ದಂಡೆಯ ಮೇಲಿರುವ ಕಂಪ್ಲಿ ಇಂದು ಭತ್ತ, ಕಬ್ಬು, ಬಾಳೆಯ ಊರು. ಏಳುನೂರು ವರ್ಷಗಳ ಹಿಂದೆ ಅದು ಕಂಪಿಲರಾಯನೆಂಬ ಚಿಕ್ಕ ದೊರೆಯ ನಾಡಾಗಿತ್ತು. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಹತ್ತಿರದ ಬಂಧುವಾದ ಬಹಾವುದ್ದೀನ್ ಗುರ್ಶಾಸ್ಪ್ ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ. ಅವನು ಸುಲ್ತಾನನ ವಿರುದ್ಧ ದಂಗೆಯೆದ್ದು, ಸೋತು, ಓಡಿಬಂದು ಕಂಪಿಲನ ಮರೆಹೊಕ್ಕ. ಬಂದವನನ್ನು ಹಿಡಿದು ಒಪ್ಪಿಸುವ ದಾರಿ ಕಂಪಿಲನಿಗೆ ತೆರೆದೇ ಇತ್ತು. ಅವನು ಒಪ್ಪಿಸಲಿಲ್ಲ. ದಿಲ್ಲಿಯ ಸೈನ್ಯ ಬಂದು ಮುತ್ತಿಗೆ ಹಾಕಿತು, ಕೋಟೆಯೊಳಗೆ ದವಸ ಮುಗಿಯಿತು. ಇನ್ನು ಉಳಿಗಾಲವಿಲ್ಲ ಎಂದು ಕಂಡಾಗ ಕಂಪಿಲ ತನ್ನ ಅತಿಥಿಯನ್ನು ಬೇರೊಬ್ಬ ಅರಸನ ಬಳಿಗೆ ಕಳಿಸಿಕೊಟ್ಟ. ಆಮೇಲೆ ಅರಮನೆಯ ಹೆಣ್ಣುಮಕ್ಕಳು ಬೆಂಕಿಗೆ ಬಿದ್ದರು, ಗಂಡಸರು ಕೋಟೆಯಿಂದ ಹೊರಬಿದ್ದು ಹೋರಾಡಿ ಸತ್ತರು. 1327ರ ಸುಮಾರಿನ ಈ ಘಟನೆಯನ್ನು ನಮಗಾಗಿ ಬರೆದಿಟ್ಟವನು ಕಂಪಿಲನ ಹೊಗಳುಭಟನಲ್ಲ. ಕೆಲವು ವರ್ಷಗಳ ನಂತರ ದಿಲ್ಲಿಗೆ ಬಂದು ಅದೇ ಸುಲ್ತಾನನ ಕೈಕೆಳಗೆ ಕಾಜಿಯಾಗಿ ಕೆಲಸ ಮಾಡಿದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ. ಸೆರೆಸಿಕ್ಕ ಕಂಪಿಲನ ಮಕ್ಕಳಲ್ಲಿ ಕೆಲವರ ಪರಿಚಯವೂ ಅವನಿಗಿತ್ತು.

ಗುರ್ಶಾಸ್ಪ್ ಅಲ್ಲಿಂದ ಹೋದದ್ದು ಹೊಯ್ಸಳ ದೊರೆ ಮೂರನೆಯ ಬಲ್ಲಾಳನ ಬಳಿಗೆ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅದೇ ಸೈನ್ಯ ಬೆನ್ನಟ್ಟಿ ಬಂತು, ಅದೇ ಬೇಡಿಕೆ ಇಟ್ಟಿತು. ಬಲ್ಲಾಳ ಆ ಮನುಷ್ಯನನ್ನು ಒಪ್ಪಿಸಿಬಿಟ್ಟ. ಸುಲ್ತಾನ ಅವನಿಗೆ ಚರ್ಮ ಸುಲಿಸುವ ಶಿಕ್ಷೆ ಕೊಟ್ಟ. ಬಲ್ಲಾಳನನ್ನು ಹೇಡಿ ಎಂದು ಬಗೆದು ಮುಂದೆ ಹೋಗುವುದು ಸುಲಭ, ಆದರೆ ಅದು ನ್ಯಾಯವಲ್ಲ. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರದ ಮೇಲೆ ಬಂದದ್ದನ್ನು ಅವನು ಕಣ್ಣಾರೆ ಕಂಡವನು. ಆಗ ತನ್ನ ಮಗನನ್ನೇ ದಿಲ್ಲಿಗೆ ಕಳಿಸಬೇಕಾಗಿ ಬಂದಿತ್ತು. ಕಂಪಿಲನ ಕೋಟೆಗೆ ಏನಾಯಿತೆಂಬ ಸುದ್ದಿ ಇನ್ನೂ ಬಿಸಿಯಾಗಿತ್ತು. ತನ್ನ ಜನರನ್ನು ಉಳಿಸಿಕೊಳ್ಳಬೇಕೆಂಬ ಲೆಕ್ಕ ಅವನದಾಗಿದ್ದರೆ ಅದನ್ನು ತಳ್ಳಿಹಾಕುವಂತಿಲ್ಲ. ಇಲ್ಲಿ ನಾವು ಗಮನಿಸಬೇಕಾದದ್ದು ಬೇರೆ. ಕೆಲವೇ ತಿಂಗಳ ಅಂತರದಲ್ಲಿ, ಒಬ್ಬನೇ ವ್ಯಕ್ತಿಯ ವಿಷಯದಲ್ಲಿ, ಒಂದೇ ಬೆದರಿಕೆಯ ಎದುರಿಗೆ, ಒಂದೇ ಭಾಷೆ ಮತ್ತು ಒಂದೇ ಬಗೆಯ ರಾಜಧರ್ಮದಲ್ಲಿ ಬೆಳೆದ ಇಬ್ಬರು ಎರಡು ದಾರಿ ಹಿಡಿದರು. ಸನ್ನಿವೇಶವೇ ಮನುಷ್ಯನ ನಡೆಯನ್ನು ಪೂರ್ತಿಯಾಗಿ ನಿರ್ಧರಿಸುತ್ತದೆ ಎನ್ನುವವರು ಈ ಎರಡು ಅರಮನೆಗಳ ನಡುವಿನ ಅಂತರಕ್ಕೆ ಉತ್ತರ ಹೇಳಬೇಕಾಗುತ್ತದೆ.

ನಾನು ಹೇಳಹೊರಟಿರುವ ಮಾತು ಇಷ್ಟು. ಒತ್ತಡವು ಮನುಷ್ಯನ ಆಯ್ಕೆಯನ್ನು ಅಳಿಸಿಹಾಕುವುದಿಲ್ಲ, ಅದರ ಬೆಲೆಯನ್ನು ಏರಿಸುತ್ತದೆ. ಒಳಿತನ್ನು ಆಯ್ದುಕೊಳ್ಳುವ ಶಕ್ತಿ ಎಲ್ಲರಲ್ಲೂ ಇದೆ, ಆದರೆ ಅದಕ್ಕೆ ತೆರಬೇಕಾದ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಆ ಬೆಲೆಯನ್ನು ಆಯ್ದುಕೊಂಡವನೇ ತೆರುತ್ತಾನೆ ಎಂಬುದೂ ಖಚಿತವಲ್ಲ. ಕಂಪಿಲನ ಮಾತು ಉಳಿದದ್ದಕ್ಕೆ ಬೆಂಕಿಗೆ ಬಿದ್ದ ಹೆಂಗಸರನ್ನು ಯಾರು ಕೇಳಿದ್ದರು? ನೈತಿಕ ಸ್ವಾತಂತ್ರ್ಯದ ಚರ್ಚೆ ಬಹುಮಟ್ಟಿಗೆ ಮನುಷ್ಯ ಸ್ವತಂತ್ರನೋ ಅಲ್ಲವೋ ಎಂಬಲ್ಲಿಯೇ ನಿಂತುಬಿಡುತ್ತದೆ. ಸ್ವತಂತ್ರ ಎಂದು ಒಪ್ಪಿದ ಮೇಲೆ ಬರುವ ಪ್ರಶ್ನೆಯೇ ಹೆಚ್ಚು ಮುಖ್ಯ: ಒಬ್ಬನ ಆಯ್ಕೆಯ ಬೆಲೆಯನ್ನು ಯಾರು ತೆರುತ್ತಾರೆ, ಒಳ್ಳೆಯವನಾಗಿರುವುದು ಒಂದು ನಾಡಿನಲ್ಲಿ ಎಷ್ಟು ದುಬಾರಿ? ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನೆಲ ಈ ಎರಡೂ ಪ್ರಶ್ನೆಗಳನ್ನು ಬೇರೆ ಬೇರೆ ಕಾಲಗಳಲ್ಲಿ ಎತ್ತಿದೆ. ಒಂದು ಸಲವಂತೂ ನಮ್ಮ ಕಣ್ಣೆದುರಿಗೇ ಎತ್ತಿದೆ.

ಮೊದಲು ಹಣೆಬರಹದ ಆಕ್ಷೇಪಣೆಯನ್ನು ಎದುರಿಸೋಣ, ಏಕೆಂದರೆ ನಮ್ಮಲ್ಲಿ ಬಹಳ ಜನ ಮನಸ್ಸಿನೊಳಗೆ ನಂಬಿರುವುದು ಅದನ್ನೇ. ಎಲ್ಲವೂ ಮೊದಲೇ ಬರೆದಾಗಿದೆ, ನಾವು ಬರೀ ನಿಮಿತ್ತ ಎಂಬ ಮಾತು ಹೊಸದಲ್ಲ. ಬುದ್ಧನ ಕಾಲದಲ್ಲಿ ಮಕ್ಖಲಿ ಗೋಸಾಲನ ಆಜೀವಕರು ಇದನ್ನು ನಿಯತಿವಾದವೆಂದು ಕಟ್ಟುನಿಟ್ಟಾಗಿ ಬೋಧಿಸಿದರು. ಮನುಷ್ಯ ಪ್ರಯತ್ನದಿಂದ ಏನೂ ಬದಲಾಗದು ಎಂಬುದು ಅವರ ಮತ. ಅಶೋಕ ಈ ಆಜೀವಕರಿಗೂ ಬಿಹಾರದ ಬರಾಬರ್ ಬೆಟ್ಟದಲ್ಲಿ ಗುಹೆಗಳನ್ನು ಕೊಟ್ಟು ಗೌರವಿಸಿದ, ಆದರೆ ಅವರ ವಾದವನ್ನು ಒಪ್ಪಲಿಲ್ಲ. ಅದಕ್ಕೆ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ಕಂಪ್ಲಿಯಿಂದ ಹೊಳೆಯ ಕೆಳಗಡೆಗೆ ಸಾಗಿದರೆ ಸಿಗುವ ಸಿರುಗುಪ್ಪ ಸೀಮೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನ ಕಿರುಬಂಡೆ ಶಾಸನಗಳಿವೆ. ಶ್ರಮಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣ ಮನುಷ್ಯನೂ ಉನ್ನತಿಗೆ ಏರಬಲ್ಲ ಎಂಬುದು ಆ ಶಾಸನದ ತಿರುಳು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈ ನೆಲದ ಬಂಡೆಯ ಮೇಲೆ ಕೆತ್ತಿದ ಮಾತು ಇದು. ಕರ್ಮಸಿದ್ಧಾಂತವನ್ನೂ ನಾವು ವಿಧಿವಾದವೆಂದು ತಪ್ಪು ತಿಳಿಯುತ್ತೇವೆ. ಹಿಂದಿನ ಕರ್ಮ ಇಂದಿನ ಸ್ಥಿತಿಯನ್ನು ಕೊಟ್ಟಿದೆ ಎನ್ನುವ ಸಿದ್ಧಾಂತವೇ, ಇಂದಿನ ಕರ್ಮ ನಾಳಿನದನ್ನು ಕೊಡುತ್ತದೆ ಎಂದೂ ಹೇಳುತ್ತದೆ. ಇಂದಿನದು ನಮ್ಮ ಕೈಯಲ್ಲಿಲ್ಲದಿದ್ದರೆ ಆ ಸಿದ್ಧಾಂತಕ್ಕೆ ಅರ್ಥವೇ ಉಳಿಯದು. ಗೀತೆಯಲ್ಲಿ ಕೃಷ್ಣ ಅಷ್ಟೆಲ್ಲ ಉಪದೇಶ ಮಾಡಿದ ಮೇಲೂ ಕೊನೆಗೆ ಅರ್ಜುನನಿಗೆ ಹೇಳುವುದು, ಚೆನ್ನಾಗಿ ಯೋಚಿಸಿ ನಿನಗೆ ತೋರಿದಂತೆ ಮಾಡು ಎಂದೇ.

ಈ ಕಾಲದ ಆಕ್ಷೇಪಣೆ ಪ್ರಯೋಗಾಲಯದಿಂದ ಬರುತ್ತದೆ. 1983ರಲ್ಲಿ ಅಮೆರಿಕದ ವಿಜ್ಞಾನಿ ಬೆಂಜಮಿನ್ ಲಿಬೆಟ್ ಪ್ರಕಟಿಸಿದ ಪ್ರಯೋಗದಲ್ಲಿ, ಕೈ ಅಲುಗಿಸಬೇಕೆಂದು ಮನುಷ್ಯನಿಗೆ ಅನ್ನಿಸುವುದಕ್ಕೆ ಸ್ವಲ್ಪ ಮೊದಲೇ ಮಿದುಳಿನಲ್ಲಿ ಅದಕ್ಕೆ ಸಂಬಂಧಿಸಿದ ವಿದ್ಯುತ್ ಚಟುವಟಿಕೆ ಶುರುವಾಗಿರುವುದು ಕಂಡಿತು. ಹಾಗಾದರೆ ತೀರ್ಮಾನ ಮಾಡುವುದು ಮಿದುಳು, ನಾನು ತೀರ್ಮಾನಿಸಿದೆ ಎಂಬುದು ಆಮೇಲೆ ಹುಟ್ಟುವ ಭ್ರಮೆ ಎಂದು ಕೆಲವರು ಸಾರಿದರು. ಲಿಬೆಟ್ ಅಷ್ಟು ದೂರ ಹೋಗಲಿಲ್ಲ. ಹುಟ್ಟಿದ ಪ್ರೇರಣೆಯನ್ನು ಕೊನೆಯ ಗಳಿಗೆಯಲ್ಲಿ ತಡೆಯುವ ಅವಕಾಶ ಮನುಷ್ಯನಿಗಿದೆ ಎಂದೇ ಅವರು ವಾದಿಸಿದರು. ಕಾರಣವಿಲ್ಲದೆ ಮಣಿಕಟ್ಟು ಅಲುಗಿಸುವುದಕ್ಕೂ, ಲಂಚದ ಕವರನ್ನು ಮೇಜಿನ ಮೇಲೆ ಇಟ್ಟುಕೊಂಡು ರಾತ್ರಿಯೆಲ್ಲ ಯೋಚಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ನಾವು ನೈತಿಕ ಎಂದು ಕರೆಯುವ ತೀರ್ಮಾನಗಳು ಅರೆಕ್ಷಣದಲ್ಲಿ ಆಗುವಂಥವಲ್ಲ. ಅವಕ್ಕೆ ಮೊದಲು ಮನೆಯವರೊಂದಿಗೆ ಮಾತು, ಭಯ, ಲೆಕ್ಕಾಚಾರ, ನಾಚಿಕೆ ಎಲ್ಲ ನಡೆದಿರುತ್ತವೆ. ಆ ಮಾತುಕತೆಯೇ ನಮ್ಮ ಸ್ವಾತಂತ್ರ್ಯ ಇರುವ ಜಾಗ.

ಹಂಪೆಯ ರಾಘವಾಂಕ ಸುಮಾರು ಎಂಟುನೂರು ವರ್ಷಗಳ ಹಿಂದೆ ಇದನ್ನೇ ಪರೀಕ್ಷೆಗಿಟ್ಟು ‘ಹರಿಶ್ಚಂದ್ರ ಕಾವ್ಯ’ ಬರೆದ. ಕಾವ್ಯ ಶುರುವಾಗುವುದು ಇಂದ್ರನ ಸಭೆಯ ಪಂಥದಿಂದ. ಸುಳ್ಳಾಡದ ಅರಸನಿದ್ದಾನೆ ಎಂದು ವಸಿಷ್ಠ, ಅವನ ಬಾಯಲ್ಲಿ ಸುಳ್ಳು ಹೊರಡಿಸುತ್ತೇನೆ ಎಂದು ವಿಶ್ವಾಮಿತ್ರ. ಸಾಕಷ್ಟು ಒತ್ತಡ ಹಾಕಿದರೆ ಯಾವ ಮನುಷ್ಯನನ್ನಾದರೂ ಮುರಿಯಬಹುದು ಎಂಬುದು ವಿಶ್ವಾಮಿತ್ರನ ಸಿದ್ಧಾಂತ, ಇವತ್ತಿನ ಅನೇಕ ಮನಶ್ಶಾಸ್ತ್ರಜ್ಞರ ಸಿದ್ಧಾಂತವೂ ಹೌದು. ರಾಜ್ಯ ಹೋಯಿತು, ಸಾಲ ಬೆನ್ನಿಗೆ ಬಿತ್ತು, ಅದರ ವಸೂಲಿಗೆ ಬಂದ ನಕ್ಷತ್ರಿಕ ಕಾಡಿದ, ಹೆಂಡತಿ ಮಗ ಮಾರಾಟವಾದರು, ಕೊನೆಗೆ ಸುಡುಗಾಡು ಕಾಯುವ ಕೆಲಸ. ಪ್ರತಿ ಹೆಜ್ಜೆಯಲ್ಲೂ ಹೊರಬರುವ ಬಾಗಿಲು ತೆರೆದಿತ್ತು, ಕೊಟ್ಟ ಮಾತನ್ನು ಕೊಟ್ಟಿಲ್ಲ ಎಂದರೆ ಸಾಕಿತ್ತು. ಕವಿ ಬೆಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋಗುತ್ತಾನೆ, ಬಾಗಿಲನ್ನು ಮಾತ್ರ ಮುಚ್ಚುವುದಿಲ್ಲ. ಸ್ವಾತಂತ್ರ್ಯ ಎಂದರೇನೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಕೃತಿ ಕನ್ನಡದಲ್ಲಿ ಇನ್ನೊಂದಿದೆ ಎಂದು ನನಗನ್ನಿಸದು.

ಆದರೆ ಆ ಕಾವ್ಯವನ್ನು ಕೈಮುಗಿದು ಓದಿ ಬಿಟ್ಟರೆ ಸಾಲದು. ಅರಸ ಆಡಿದ ಮಾತಿಗೆ ಬೆಲೆ ತೆತ್ತವರು ಹೆಂಡತಿ ಚಂದ್ರಮತಿ ಮತ್ತು ಮಗ ಲೋಹಿತಾಶ್ವ. ಸಂತೆಯಲ್ಲಿ ಮಾರಾಟವಾದವರು ಅವರು, ಹಾವು ಕಚ್ಚಿ ಸತ್ತದ್ದು ಆ ಹುಡುಗ, ಕತ್ತಿಯ ಕೆಳಗೆ ಕುತ್ತಿಗೆ ಒಡ್ಡಿದವಳು ಆ ತಾಯಿ. ಇನ್ನೊಂದು ಪ್ರಸಂಗವೂ ಇದೆ. ವಿಶ್ವಾಮಿತ್ರ ಕಳಿಸಿದ, ಹೊಲೆಯ ಕುಲದವರೆಂದು ಗುರುತಿಸಲ್ಪಟ್ಟ ಹೆಣ್ಣುಮಕ್ಕಳು ಅರಸನೆದುರು ಹಾಡಿ, ಅವನ ಬೆಳ್ಗೊಡೆಯನ್ನು ಕೇಳಿ, ಆಮೇಲೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ಅರಸ ಕುಲದ ಕಾರಣ ಕೊಟ್ಟು ನಿರಾಕರಿಸುತ್ತಾನೆ. ನಿನ್ನ ಐದು ಇಂದ್ರಿಯಗಳಲ್ಲಿ ನಾಲ್ಕು ನಮ್ಮನ್ನು ಸವಿದವು, ಮುಟ್ಟಿದರೆ ಮಾತ್ರ ಮೈಲಿಗೆಯೇ ಎಂಬ ಅರ್ಥದಲ್ಲಿ ಅವರು ಎತ್ತುವ ಪ್ರಶ್ನೆಗೆ ಅವನಲ್ಲಿ ಗಟ್ಟಿಯಾದ ಉತ್ತರವಿಲ್ಲ. ಮದುವೆಯನ್ನು ಒಲ್ಲೆ ಎನ್ನುವ ಹಕ್ಕು ಅವನಿಗಿತ್ತು, ಅದು ಬೇರೆ ಮಾತು. ಸತ್ಯಕ್ಕಾಗಿ ರಾಜ್ಯ ಬಿಡಬಲ್ಲವನಿಗೆ ಎದುರಿಗೆ ನಿಂತ ಮನುಷ್ಯರು ತನ್ನಂತೆಯೇ ಮನುಷ್ಯರು ಎಂಬುದು ಕಾಣಲಿಲ್ಲ. ಕಾಣದ್ದನ್ನು ಆಯ್ದುಕೊಳ್ಳುವುದಕ್ಕಾಗುವುದಿಲ್ಲ. ಅದಕ್ಕೇ ನೈತಿಕ ಸ್ವಾತಂತ್ರ್ಯ ಬರೀ ಸಂಕಲ್ಪದ ಗಟ್ಟಿತನವಲ್ಲ, ಎದುರಿಗಿರುವುದನ್ನು ನೋಡುವ ಕಣ್ಣೂ ಬೇಕು. ಆ ಕಣ್ಣು ತೆರೆಯುವುದಕ್ಕೆ ಒಂದೊಂದು ಸಮಾಜಕ್ಕೆ ಶತಮಾನಗಳೇ ಹಿಡಿಯುತ್ತವೆ. ಸಂಡೂರಿನ ದೊರೆ ಯಶವಂತರಾವ್ ಘೋರ್ಪಡೆ 1932ರಲ್ಲಿ ತಮ್ಮ ಸಂಸ್ಥಾನದ ದೇವಸ್ಥಾನಗಳನ್ನು ದಲಿತರಿಗೆ ತೆರೆದರು. ಅದರಲ್ಲಿ ಬೆಟ್ಟದ ಮೇಲಿನ ಪ್ರಾಚೀನ ಕುಮಾರಸ್ವಾಮಿ ಗುಡಿಯೂ ಸೇರಿತ್ತು. ತಿರುವಾಂಕೂರಿನ ಪ್ರಸಿದ್ಧ ದೇವಸ್ಥಾನ ಪ್ರವೇಶದ ಘೋಷಣೆ ಬಂದದ್ದು ಅದಾಗಿ ನಾಲ್ಕು ವರ್ಷಗಳ ಮೇಲೆ, 1936ರಲ್ಲಿ. ನಕಾಶೆಯಲ್ಲಿ ಹುಡುಕಬೇಕಾದಷ್ಟು ಚಿಕ್ಕ ಸಂಸ್ಥಾನ, ಯಾರೂ ಒತ್ತಾಯಿಸದಿದ್ದಾಗ, ತನ್ನ ಕಾಲಕ್ಕಿಂತ ಮುಂದಿನದನ್ನು ಆಯ್ದುಕೊಂಡಿತು.

ಅದೇ ಸಂಡೂರಿನ ಬೆಟ್ಟಗಳ ಮೇಲೆ ಎಪ್ಪತ್ತು ವರ್ಷಗಳ ನಂತರ ನಡೆದದ್ದು ಈ ವಿಷಯದ ಅತಿ ದೊಡ್ಡ ಪಾಠ. ದೋಣಿಮಲೆಯಲ್ಲಿ 1977ರಿಂದಲೇ ಸರ್ಕಾರಿ ಗಣಿಯಿತ್ತು, ಮ್ಯಾಂಗನೀಸು ಮತ್ತು ಕಬ್ಬಿಣದ ಅದಿರಿನ ಕೆಲಸ ಅದಕ್ಕಿಂತಲೂ ಹಳೆಯದು. 2003ರ ವೇಳೆಗೆ ಚೀನಾದ ಉಕ್ಕಿನ ಕಾರ್ಖಾನೆಗಳ ಹಸಿವು ಅದಿರಿನ ದರವನ್ನು ಮೇಲಕ್ಕೆಳೆಯಿತು. ಅದೇ ವರ್ಷ ರಾಜ್ಯ ಸರ್ಕಾರ ಸರ್ಕಾರಿ ಸ್ವಾಮ್ಯಕ್ಕೆ ಮೀಸಲಿದ್ದ ಪ್ರದೇಶಗಳನ್ನು ಖಾಸಗಿಯವರಿಗೆ ತೆರೆಯಿತು. ಹೊರದೇಶದಲ್ಲಿ ಟನ್ನಿಗೆ ಸಾವಿರಾರು ರೂಪಾಯಿ ಬರುತ್ತಿದ್ದ ಅದಿರಿಗೆ 2009ರವರೆಗೆ ಸರ್ಕಾರಕ್ಕೆ ಕಟ್ಟಬೇಕಾಗಿದ್ದ ರಾಯಧನ ಟನ್ನಿಗೆ 27 ರೂಪಾಯಿಯನ್ನೂ ಮೀರುತ್ತಿರಲಿಲ್ಲ. ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಲಾರಿಗಳ ಸಾಲು ಮುಗಿಯದಾಯಿತು. ಹೊಲದ ಮಣ್ಣು ಕೆರೆದರೂ ಅದಿರು ಸಿಗುವ ಕಡೆ ರೈತರು ಪಟ್ಟಾ ಜಮೀನನ್ನೇ ಅಗೆಯಲು ಕೊಟ್ಟರು. ಹೆಂಗಸರು ಮಕ್ಕಳು ಸುತ್ತಿಗೆ ಹಿಡಿದು ಕಲ್ಲು ಒಡೆದರು. ಎಲೆ, ಬೆಳೆ, ಮನೆಯ ಗೋಡೆ, ಎಲ್ಲದರ ಮೇಲೂ ಕೆಂಪು ದೂಳು ಕುಳಿತಿತು.

2007ರ ಮಾರ್ಚಿನಲ್ಲಿ ಸರ್ಕಾರ ಈ ವಿಷಯವನ್ನು ಲೋಕಾಯುಕ್ತಕ್ಕೆ ಒಪ್ಪಿಸಿತು. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಮೊದಲ ವರದಿ 2008ರ ಡಿಸೆಂಬರಿನಲ್ಲಿ, ಎರಡನೆಯದು 2011ರ ಜುಲೈ 27ರಂದು ಹೊರಬಂತು. ತನಿಖೆಯ ಭಾರ ಹೊತ್ತವರಲ್ಲಿ ಮುಖ್ಯರು ಅರಣ್ಯ ಅಧಿಕಾರಿ ಡಾ. ಯು.ವಿ. ಸಿಂಗ್. 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆ, ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಎರಡನೆಯ ವರದಿ ಅಂದಾಜು ಮಾಡಿತು. ಗಣಿಯಿಂದ ಬಂದರಿನವರೆಗೆ ಲಾರಿಯನ್ನು ಯಾರೂ ತಡೆಯದಂತೆ ನೋಡಿಕೊಳ್ಳುವ ಒಂದು ವ್ಯವಸ್ಥೆಯೇ ಬೆಳೆದಿತ್ತು. ಅದರ ಸಂಬಂಧದಲ್ಲಿ ಹಲವು ಇಲಾಖೆಗಳ ನೂರಾರು ಅಧಿಕಾರಿಗಳ ಹೆಸರು ವರದಿಯಲ್ಲಿ ಬಂತು. ಇಷ್ಟು ಜನ ಒಟ್ಟಿಗೆ ಜಾರಿದರೆಂದರೆ ಒಬ್ಬೊಬ್ಬರದೂ ಸ್ವತಂತ್ರ ಆಯ್ಕೆ ಎನ್ನುವುದು ಹೇಗೆ, ಇದು ವ್ಯವಸ್ಥೆಯ ತಪ್ಪಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಖೊಟ್ಟಿ ಪರ್ಮಿಟ್ಟುಗಳನ್ನು ಗಮನಿಸಿ. ಒಂದೇ ಪರವಾನಗಿಯನ್ನು ಮತ್ತೆ ಮತ್ತೆ ಬಳಸಲಾಯಿತು, ಸಹಿಗಳು ಸುಳ್ಳಾಗಿದ್ದವು, ಗಡಿಗಳು ಸರಿದಾಡಿದವು. ಬೇರೆ ದಾರಿಯೇ ಇಲ್ಲದವನು ಏನನ್ನೂ ಮುಚ್ಚಿಡಬೇಕಾಗಿಲ್ಲ. ಮಳೆ ಬಂತೆಂದು ಯಾರೂ ಸುಳ್ಳು ದಾಖಲೆ ಸೃಷ್ಟಿಸುವುದಿಲ್ಲ. ಖೊಟ್ಟಿ ಕಾಗದ ತಯಾರಿಸಿದ ಕೈಗೆ ನಿಯಮ ಗೊತ್ತಿತ್ತು, ತಾನು ಅದನ್ನು ಮುರಿಯುತ್ತಿದ್ದೇನೆಂದು ಗೊತ್ತಿತ್ತು, ಮುರಿಯದೆಯೂ ಇರಬಹುದಿತ್ತೆಂದೂ ಗೊತ್ತಿತ್ತು. ಒಳಿತು ಕೆಡುಕುಗಳೆಲ್ಲ ಆಯಾ ಕಾಲದ ರೂಢಿ ಎನ್ನುವವರಿಗೂ ನನ್ನ ಉತ್ತರ ಇದೇ. ಮುಚ್ಚಿಡುವ ಪ್ರತಿಯೊಂದು ಯತ್ನವೂ ಮುಚ್ಚಿಟ್ಟವನ ಮನಸ್ಸಾಕ್ಷಿ ಕೊಟ್ಟ ಹೇಳಿಕೆ.

ಎಲ್ಲರೂ ಜಾರಲಿಲ್ಲ ಎಂಬುದೂ ದಾಖಲಾಗಿರುವ ಸಂಗತಿ. ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಲಕ್ಷಗಟ್ಟಲೆ ಟನ್ ಅದಿರನ್ನು ಜಪ್ತಿ ಮಾಡುವ ಕೆಲಸದಲ್ಲಿದ್ದ ಅರಣ್ಯ ಅಧಿಕಾರಿ ಆರ್. ಗೋಕುಲ್, ಆ ಅದಿರು ಅಲ್ಲಿಂದ ಮಾಯವಾದುದನ್ನು ಬಯಲಿಗೆ ತಂದರು. ಅವರಿಗೆ ಸಿಕ್ಕಿದ್ದು ಅಮಾನತು ಆದೇಶ. ಅದನ್ನು ಪ್ರತಿಭಟಿಸಿ ಆ ವರ್ಷದ ಜೂನ್ 23ರಂದು ಸಂತೋಷ್ ಹೆಗ್ಡೆ ಲೋಕಾಯುಕ್ತ ಹುದ್ದೆಗೇ ರಾಜೀನಾಮೆ ಕೊಟ್ಟರು, ಆಮೇಲೆ ಮನವೊಲಿಕೆಯ ಮೇಲೆ ಹಿಂತೆಗೆದುಕೊಂಡು ಎರಡನೆಯ ವರದಿ ಮುಗಿಸಿದರು. ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನ್ಯಾಯಾಲಯ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಹೆಚ್ಚು ಅಕ್ರಮ ಕಂಡ ಗಣಿಗಳ ಗುತ್ತಿಗೆಗಳನ್ನು ರದ್ದು ಮಾಡಿತು, ಉಳಿದವು ಮಿತಿಯೊಳಗೆ ಕೆಲಸ ಮಾಡಬೇಕೆಂದಿತು. ಇವರೆಲ್ಲ ಬದುಕಿದ್ದು ಬೇರೊಂದು ವ್ಯವಸ್ಥೆಯಲ್ಲಲ್ಲ. ಅದೇ ಸರ್ಕಾರ, ಅದೇ ಸಂಬಳ, ಅದೇ ಬೆದರಿಕೆಗಳ ನಡುವೆ ಅವರು ಬೇರೆ ದಾರಿ ಹಿಡಿದರು. ಕಂಪಿಲ ಮತ್ತು ಬಲ್ಲಾಳರ ನಡುವಿನ ಅಂತರ ಇಲ್ಲಿಯೂ ಕಾಣುತ್ತದೆ.

ಹಾಗೆಂದು ಲಾರಿ ಡ್ರೈವರನನ್ನೂ, ಪರ್ಮಿಟ್ಟಿಗೆ ಸಹಿ ಹಾಕಿದ ಅಧಿಕಾರಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಮಿತಿ ಮೀರಿ ತುಂಬಿದ ಲಾರಿಯನ್ನು ಓಡಿಸಲಾರೆ ಎಂದರೆ ಡ್ರೈವರನ ಮನೆಯಲ್ಲಿ ಅಂದಿನ ಒಲೆ ಹೊತ್ತುವುದಿಲ್ಲ, ಅವನ ಜಾಗಕ್ಕೆ ಬೆಳಗಾಗುವುದರೊಳಗೆ ಇನ್ನೊಬ್ಬ ಬರುತ್ತಾನೆ. ಅದಿರು ಒಡೆಯುವ ತಾಯಿಗೆ ಬೇಡ ಎನ್ನುವ ಆಯ್ಕೆ ಇತ್ತೆಂದು ತರ್ಕಕ್ಕೆ ಹೇಳಬಹುದು. ಆ ಆಯ್ಕೆಯ ಬೆಲೆ ಅವಳ ಮಗುವಿನ ಊಟ. ಅಧಿಕಾರಿಗೆ ಬೇಡ ಎಂದರೆ ಆಗುತ್ತಿದ್ದದ್ದು ಹೆಚ್ಚೆಂದರೆ ವರ್ಗಾವಣೆ, ಅಮಾನತು. ಮಂತ್ರಿಗೆ ಒಂದು ಖಾತೆ. ಗಣಿ ಮಾಲೀಕನಿಗೆ ಲಾಭದಲ್ಲಿ ಒಂದು ಪಾಲು. ಮೇಲೆ ಹೋದಷ್ಟೂ ಒಳಿತು ಅಗ್ಗವಾಗುತ್ತಿತ್ತು, ಆದರೆ ಕೊಳ್ಳುವವರು ಕಡಿಮೆಯಾಗುತ್ತಿದ್ದರು. ಬಡತನ ಮನುಷ್ಯನನ್ನು ಯಂತ್ರ ಮಾಡುವುದಿಲ್ಲ, ಹಸಿದವರ ಪ್ರಾಮಾಣಿಕತೆಯನ್ನು ನಾವು ದಿನವೂ ಕಾಣುತ್ತೇವೆ. ಆದರೂ ತೂಕ ಹಾಕುವಾಗ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಯಾರಿಗೆ ಒಳ್ಳೆಯವನಾಗುವುದು ಸುಲಭವಿತ್ತೋ ಅವನು ಕೆಟ್ಟದ್ದನ್ನು ಆಯ್ದಾಗ ಅಪರಾಧ ದೊಡ್ಡದು. ಇನ್ನು ಕೆಡುಕಿನ ಬೆಲೆ? ಅದನ್ನು ಆಯ್ದವರು ತೆರಲಿಲ್ಲ. ದೂಳು ಕುಡಿದ ಹಳ್ಳಿ, ಹೂಳು ತುಂಬಿದ ಕೆರೆ, ಶಾಲೆ ಬಿಟ್ಟ ಮಕ್ಕಳು ತೆತ್ತರು. ನನ್ನ ದೃಷ್ಟಿಯಲ್ಲಿ ಕೆಡುಕಿನ ಗುರುತೇ ಅದು: ಲಾಭ ತನಗಿಟ್ಟುಕೊಂಡು, ಬೆಲೆಯನ್ನು ಕೇಳದೆಯೇ ಇನ್ನೊಬ್ಬರ ತಲೆಗೆ ಕಟ್ಟುವುದು.

ಬೆಲೆ ಇಳಿಸಬಹುದೇ? ಇಳಿಸಬಹುದು ಎಂಬುದಕ್ಕೆ ಪುರಾವೆ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಶುರುಮಾಡಿದ ಪ್ರಯೋಗ ಮನುಷ್ಯರ ವಿಧೇಯತೆಗೆ ಉದಾಹರಣೆಯಾಗಿ ಪ್ರಸಿದ್ಧ. ಗೋಡೆಯಾಚೆಗಿನ ಮನುಷ್ಯನಿಗೆ ಕರೆಂಟಿನ ಶಾಕ್ ಕೊಡುತ್ತಿದ್ದೇವೆಂದು ನಂಬಿದ 40 ಜನರಲ್ಲಿ 26 ಮಂದಿ, ಮೇಲ್ವಿಚಾರಕ ಹೇಳಿದನೆಂದು 450 ವೋಲ್ಟಿನವರೆಗೂ ಹೋದರು. ಮನುಷ್ಯನ ಸ್ವಾತಂತ್ರ್ಯ ಇಷ್ಟೇ ಎಂದು ಕೈಚೆಲ್ಲುವವರು ಇದನ್ನು ಉದಾಹರಿಸುತ್ತಾರೆ. ಅದೇ ಪ್ರಯೋಗದ ಇನ್ನೊಂದು ಬಗೆಯನ್ನು ಅವರು ಹೇಳುವುದಿಲ್ಲ. ಪಕ್ಕದಲ್ಲಿ ಕುಳಿತ ಇಬ್ಬರು ಜೊತೆಗಾರರು ಇನ್ನು ಮುಂದುವರಿಸಲಾರೆವು ಎಂದು ಎದ್ದಾಗ, ಕೊನೆಯವರೆಗೆ ಹೋದವರು 40ರಲ್ಲಿ ಬರೀ 4 ಜನ. ಮನುಷ್ಯರ ಸ್ವಭಾವ ಬದಲಾಗಲಿಲ್ಲ, ಮೇಲ್ವಿಚಾರಕನೂ ಬದಲಾಗಲಿಲ್ಲ. ಒಲ್ಲೆ ಎನ್ನುವುದು ಮೊದಲಿನಷ್ಟು ದುಬಾರಿಯಾಗಿ ಉಳಿಯಲಿಲ್ಲ, ಅಷ್ಟೇ. ಒಬ್ಬ ಅಧಿಕಾರಿಯ ಅಮಾನತಿಗೆ ಲೋಕಾಯುಕ್ತರೇ ರಾಜೀನಾಮೆ ಎಸೆದಾಗ ಕಚೇರಿಗಳಲ್ಲಿ ಕುಳಿತಿದ್ದ ಎಷ್ಟೋ ಪ್ರಾಮಾಣಿಕರಿಗೆ ತಾವು ಒಂಟಿಯಲ್ಲ ಎಂದು ತಿಳಿದಿರಬೇಕು.

ವಿಜಯನಗರದ ಮೊದಲ ಅರಸರಲ್ಲಿ ಒಬ್ಬನಾದ ಬುಕ್ಕರಾಯನಿಗೆ ಒಳಿತಿನ ಬೆಲೆ ಇಳಿಸುವ ಈ ಬಗೆ ಗೊತ್ತಿತ್ತು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಊರುಗಳ ಜೈನರು ಅವನಿಗೆ ದೂರು ಕೊಟ್ಟರು. 1368ರ ಶ್ರವಣಬೆಳಗೊಳದ ಶಾಸನ ಹೇಳುವಂತೆ, ಬುಕ್ಕ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಇಷ್ಟನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಶಾಸನದ ಮುಂದಿನ ಭಾಗ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನಿಡಬೇಕು, ಅದಕ್ಕೆ ನಾಡಿನ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ಉಳಿದ ಹಣದಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಬಳಿಸಬೇಕು, ಈ ಜವಾಬ್ದಾರಿಯನ್ನು ತಿರುಮಲೆಯ ತಾತಯ್ಯ ಎಂಬ ವೈಷ್ಣವನೇ ಹೊರಬೇಕು. ಸೌಹಾರ್ದವನ್ನು ಅರಸ ಜನರ ಒಳ್ಳೆಯ ಮನಸ್ಸಿಗಷ್ಟೇ ಬಿಟ್ಟುಬಿಡಲಿಲ್ಲ. ಅದಕ್ಕೆ ಕಾವಲು, ಲೆಕ್ಕ, ಹೊಣೆಗಾರ ಎಲ್ಲವನ್ನೂ ಗೊತ್ತುಮಾಡಿದ. ಯಾರೋ ಒಬ್ಬ ವೀರ ಪ್ರಾಣ ಕೊಟ್ಟು ಉಳಿಸಬೇಕಾದ ಒಳಿತು, ಮನೆಗೊಂದು ಹಣಕ್ಕೆ ಉಳಿಯುವಂತಾಯಿತು. ರಾಜ್ಯ ಎಂಬುದು ಇರುವುದೇ ಇದಕ್ಕೆ.

ಈ ಅಳತೆಯಲ್ಲಿ ನಮ್ಮ ಕಾಲವನ್ನು ಅಳೆದರೆ ಸಮಾಧಾನ ಪಡುವಂತಿಲ್ಲ. ಗಣಿ ಹಗರಣವನ್ನು ಬಯಲಿಗೆಳೆದ ಅದೇ ಲೋಕಾಯುಕ್ತದಿಂದ ಭ್ರಷ್ಟಾಚಾರ ತನಿಖೆಯ ಅಧಿಕಾರವನ್ನು 2016ರ ಮಾರ್ಚಿನಲ್ಲಿ ಕಿತ್ತುಕೊಂಡು, ಸರ್ಕಾರದ ಕೈಕೆಳಗಿನ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಕೊಡಲಾಯಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದು ಮಾಡಿದ ಮೇಲೆಯೇ ಅಧಿಕಾರ ಲೋಕಾಯುಕ್ತಕ್ಕೆ ಮರಳಿದ್ದು. ಅದೇ ತಿಂಗಳು ಬಳ್ಳಾರಿ ಭಾಗದ ಅದಿರು ಉತ್ಪಾದನೆಯ ವಾರ್ಷಿಕ ಮಿತಿಯನ್ನು ಸುಪ್ರೀಂ ಕೋರ್ಟ್ 2.8 ಕೋಟಿ ಟನ್ನಿನಿಂದ 3.5 ಕೋಟಿ ಟನ್ನಿಗೆ ಏರಿಸಿದೆ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿ ಇದೆ. ಅದು ದೂಳು ಕುಡಿದವರಿಗೆ ಮುಟ್ಟುತ್ತದೆಯೇ ಎಂದು ನೋಡಿಕೊಳ್ಳಬೇಕಾದವರು ಸಂಡೂರು, ಹೊಸಪೇಟೆಗಳ ಜನರೇ. ಮಾಹಿತಿ ಹಕ್ಕಿನ ಒಂದು ಅರ್ಜಿಗೆ 10 ರೂಪಾಯಿ ಸಾಕು. ಯಾವ ಕೆರೆಗೆ, ಯಾವ ಶಾಲೆಗೆ, ಎಷ್ಟು ಹಣ ಬಂತೆಂದು ಕೇಳಿ, ಒಬ್ಬರೇ ಕೇಳಬೇಡಿ, ಊರಿನ ಹತ್ತು ಜನ ಸೇರಿ ಕೇಳಿ. ಮತ್ತು ಓಟು ಕೇಳಲು ಬರುವವರ ಮುಂದೆ ಇನ್ನೊಂದು ಪ್ರಶ್ನೆ ಇಡಿ. ಅಕ್ರಮವನ್ನು ಬಯಲು ಮಾಡಿದವರನ್ನು ಕಾಪಾಡುವುದಕ್ಕೆಂದು ಸಂಸತ್ತು 2014ರಲ್ಲಿ ಒಂದು ಕಾಯ್ದೆ ಮಾಡಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆ ಕಾಯ್ದೆಯನ್ನು ಇನ್ನೂ ಏಕೆ ಜಾರಿಗೆ ತಂದಿಲ್ಲ?